ವಲಸಿಗರ ಮಾತೆ ಸಂತ ಕಬ್ರಿನಿ

ಭಾಷೆ ಗೊತ್ತಿಲ್ಲದ ಊರಿನಲ್ಲಿ ಕಾಯಿಲೆ ಬಿದ್ದವನ ಪಾಡು ಅನುಭವಿಸಿದವರಿಗೇ ಗೊತ್ತು. ಎಲ್ಲಿ ನೋವು ಎಂದು ವೈದ್ಯರು ಕೇಳಿದ್ದು ಅವನಿಗೆ ತಿಳಿಯದು. ಅವನು ನರಳುತ್ತ ಹೇಳಿದ್ದು ಅವರಿಗೆ ತಿಳಿಯದು. ನೂರು ವರ್ಷಗಳಿಗೂ ಹಿಂದೆ ಹೊಟ್ಟೆಪಾಡಿಗಾಗಿ ಅಮೆರಿಕದ ಹಡಗು ಹತ್ತಿದ ಲಕ್ಷಾಂತರ ಇಟಲಿಯ ಬಡವರ ಸ್ಥಿತಿ ಹೀಗಿತ್ತು. ಅವರಿಗೆ ತಾಯಿಯಾಗಿ ನಿಂತವರು ಸಂತ ಫ್ರಾನ್ಸಿಸ್ ಕ್ಷೇವಿಯರ್ ಕಬ್ರಿನಿ.

ಇಟಲಿಯ ಲೊಂಬಾರ್ದಿ ಪ್ರಾಂತ್ಯದ ರೈತ ಕುಟುಂಬವೊಂದರಲ್ಲಿ 1850ರ ಜುಲೈ 15ರಂದು ಫ್ರಾಂಚೆಸ್ಕಾ ಜನಿಸಿದರು. ದಿನ ತುಂಬುವ ಮೊದಲೇ ಹುಟ್ಟಿದ ದುರ್ಬಲ ಕೂಸು. ಕಾಗದದ ದೋಣಿಯಲ್ಲಿ ಹೂಗಳನ್ನಿಟ್ಟು, ದೂರದೇಶಕ್ಕೆ ಹೊರಟ ಧರ್ಮಪ್ರಚಾರಕರು ಇವರೇ ಎಂದು ನೀರಿಗೆ ಬಿಡುವುದು ಬಾಲಕಿಯ ಆಟ. ಒಮ್ಮೆ ನೀರಿಗೆ ಬಿದ್ದ ಮೇಲೆ ನೀರೆಂದರೆ ಜೀವಮಾನವಿಡೀ ಭಯ. ಶಿಕ್ಷಕಿಯಾದ ಬಳಿಕ ಕನ್ಯಾಮಠ ಸೇರಬಯಸಿದಾಗ ಆರೋಗ್ಯ ಸಾಲದೆಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಆದರೂ ದೇವರ ಕರೆಯನ್ನು ಬಿಡದೆ, 1880ರಲ್ಲಿ ಕೊದೊನ್ಯೊ ಪಟ್ಟಣದಲ್ಲಿ ಪವಿತ್ರ ಹೃದಯದ ಧರ್ಮಪ್ರಚಾರಕ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಗೋವೆಯಲ್ಲಿ ಪವಿತ್ರ ಶರೀರವಿರುವ ಸಂತ ಫ್ರಾನ್ಸಿಸ್ ಕ್ಷೇವಿಯರರ ಹೆಸರನ್ನು ಭಕ್ತಿಯಿಂದ ತಮ್ಮ ಹೆಸರಿಗೆ ಸೇರಿಸಿಕೊಂಡರು. ಅವರಂತೆ ಚೀನಾ ದೇಶದಲ್ಲಿ ಸೇವೆ ಮಾಡುವುದು ಅವರ ಆಸೆಯಾಗಿತ್ತು. ಆದರೆ ಜಗದ್ಗುರು 13ನೇ ಲಿಯೋ ಅವರು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗುವಂತೆ ಆದೇಶಿಸಿದರು. ಮಾತೆ ತಮ್ಮ ಆಸೆಯನ್ನು ದೇವರ ಪಾದದಲ್ಲಿಟ್ಟು ವಿಧೇಯರಾದರು.

1889ರ ಮಾರ್ಚ್ 31ರಂದು ಆರು ಮಂದಿ ಭಗಿನಿಯರೊಡನೆ ನ್ಯೂಯಾರ್ಕಿಗೆ ಬಂದಿಳಿದಾಗ ಅವರಿಗಾಗಿ ಮನೆಯೂ ಸಿದ್ಧವಿರಲಿಲ್ಲ. ಅಲ್ಲಿನ ಮಹಾಧರ್ಮಾಧ್ಯಕ್ಷರು ಮರಳಿ ಹೋಗುವುದೇ ಒಳಿತೆಂದರು. ಜಗದ್ಗುರುಗಳ ಅಪ್ಪಣೆಯಿದೆಯೆಂದು ವಿನಯದಿಂದ ತಿಳಿಸಿ ಮಾತೆ ಅಲ್ಲಿಯೇ ನಿಂತರು. ಇಟಲಿಯವರೆಂದರೆ ಅಂದು ಅಮೆರಿಕದಲ್ಲಿ ತಾತ್ಸಾರ. ಕೆಲವು ದೇವಾಲಯಗಳಲ್ಲಿ ಅವರ ಬಲಿಪೂಜೆಗೆ ನೆಲಮಾಳಿಗೆಯೇ ಗತಿ. ನ್ಯೂ ಆರ್ಲಿಯನ್ಸ್ ನಗರದಲ್ಲಿ 1891ರಲ್ಲಿ ಉದ್ರಿಕ್ತ ಜನರ ಗುಂಪು 11 ಮಂದಿ ಇಟಲಿಯವರನ್ನು ಕೊಂದುಹಾಕಿತು. ಮರುವರ್ಷವೇ ಮಾತೆ ಅದೇ ನಗರದಲ್ಲಿ ಸೇವೆ ಆರಂಭಿಸಿದರು.

ವಲಸಿಗರಿಗೆ ಇಂಗ್ಲಿಷ್ ಬಾರದು. ನಾಪೊಲಿಯವನ ಆಡುಮಾತು ಬೇರೆ, ಸಿಸಿಲಿಯವನದು ಬೇರೆ. 'ಹೊ ಫಾಮೆ' ಎಂದರೆ 'ಐ ಆಮ್ ಹಂಗ್ರಿ', ಹಸಿವಾಗಿದೆ. 'ಮಿ ಫಾ ಮಾಲೆ' ಎಂದರೆ 'ಇಟ್ ಹರ್ಟ್ಸ್', ನೋಯುತ್ತಿದೆ. ಇಷ್ಟು ಸಣ್ಣ ಮಾತು ಎದುರಿಗಿದ್ದವರಿಗೆ ಅರ್ಥವಾಗದಿದ್ದರೆ ಜೀವವೇ ಹೋಗಬಹುದು. ಆದ್ದರಿಂದಲೇ 1892ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಆಸ್ಪತ್ರೆ ಅವರ ಕೈಸೇರಿದಾಗ ಬಡ ಇಟಲಿಯವರಿಗೆ ಅದು ತವರುಮನೆಯಂತಾಯಿತು. ಅನಾಥಾಲಯಗಳು, ಶಾಲೆಗಳು ಒಂದೊಂದಾಗಿ ತೆರೆದವು. ಭಗಿನಿಯರು ಸೆರೆಮನೆಗಳಿಗೂ ಹೋಗಿ, ಮಾತನಾಡಿಸುವವರಿಲ್ಲದ ಕೈದಿಗಳನ್ನು ಅವರ ಭಾಷೆಯಲ್ಲಿ ಸಂತೈಸಿದರು.

ಮುಂದೆ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಿಂದಲೂ ಕರೆ ಬಂತು. ಬ್ರೆಜಿಲಿನ ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದ ಇಟಲಿಯವರು ಈಗ ಪೋರ್ಚುಗೀಸ್ ಕಲಿಯಬೇಕಿತ್ತು. ಬೆಳಗಿನ 'ಬುವೊನ್ ಜೊರ್ನೊ' ಅಲ್ಲಿ 'ಬೊಂ ದಿಯಾ'. ಇಂಗ್ಲಿಷಿನಲ್ಲಿ ಅದೇ 'ಗುಡ್ ಮಾರ್ನಿಂಗ್'. 'ಥ್ಯಾಂಕ್ ಯೂ' ಎನ್ನಲು ಇಟಲಿಯವರು 'ಗ್ರಾಜಿಯೆ' ಎನ್ನುತ್ತಾರೆ. ಅದರ ಮೂಲದಲ್ಲಿ ಕೃಪೆಯೆಂಬ ಅರ್ಥವಿದೆ. ಪೋರ್ಚುಗೀಸರು 'ಒಬ್ರಿಗಾದು' ಎನ್ನುತ್ತಾರೆ, ಹೆಂಗಸರಾದರೆ 'ಒಬ್ರಿಗಾದಾ'. ಎಂದರೆ ನಿಮ್ಮ ಋಣಕ್ಕೆ ಕಟ್ಟುಬಿದ್ದಿದ್ದೇನೆ ಎಂದು. ಬೀಳ್ಕೊಡುವಾಗ ಒಬ್ಬರು 'ಅದ್ದಿಯೊ', ಇನ್ನೊಬ್ಬರು 'ಅದೆವುಸ್' ಎನ್ನುತ್ತಾರೆ. ಎರಡೂ ಒಬ್ಬರನ್ನೊಬ್ಬರು ದೇವರಿಗೆ ಒಪ್ಪಿಸುವ ಮಾತುಗಳೇ. ಇಂಗ್ಲಿಷಿನ 'ಗುಡ್‌ಬೈ' ಕೂಡ ದೇವರು ನಿಮ್ಮೊಡನಿರಲಿ ಎಂಬ ಹಾರೈಕೆಯಿಂದಲೇ ಹುಟ್ಟಿದ್ದು. ನಾಲಿಗೆ ಬೇರೆಯಾದರೂ ಹೃದಯದ ಹಂಬಲ ಒಂದೇ ಅಲ್ಲವೇ?

ನೀರಿಗೆ ಹೆದರುತ್ತಿದ್ದ ಮಾತೆ ಅಟ್ಲಾಂಟಿಕ್ ಸಾಗರವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ದಾಟಿದರು. ಸ್ಥಾಪಿಸಿದ ಸಂಸ್ಥೆಗಳು 67. 1909ರಲ್ಲಿ ಅಮೆರಿಕದ ಪೌರತ್ವ ಪಡೆದರು. 1917ರ ಡಿಸೆಂಬರಿನಲ್ಲಿ ಶಿಕಾಗೋದಲ್ಲಿ ಮಕ್ಕಳಿಗಾಗಿ ಕ್ರಿಸ್ಮಸ್ ಸಿಹಿತಿಂಡಿ ಸಿದ್ಧಗೊಳಿಸುತ್ತಿದ್ದ ದಿನಗಳಲ್ಲೇ ಅಸ್ವಸ್ಥರಾಗಿ, 22ರಂದು ದೈವಾಧೀನರಾದರು. ಜಗದ್ಗುರು 12ನೇ ಪಿಯುಸ್ ಅವರು 1946ರ ಜುಲೈ 7ರಂದು ಅವರನ್ನು ಸಂತರೆಂದು ಸಾರಿ, 1950ರಲ್ಲಿ ವಲಸಿಗರ ಪಾಲಕಿಯೆಂದು ಘೋಷಿಸಿದರು.

ದಿವ್ಯವಾಣಿಯು ಮನುಷ್ಯರಾದಾಗ ನಜರೇತಿನ ಮನೆಮಾತನ್ನೇ ಆಡಿದರು. ಪವಿತ್ರಾತ್ಮರು ಇಳಿದುಬಂದ ದಿನವೂ ಪ್ರತಿಯೊಬ್ಬರು ಶುಭಸಂದೇಶವನ್ನು ತಮ್ಮತಮ್ಮ ಭಾಷೆಯಲ್ಲೇ ಕೇಳಿದರು. ಪ್ರೀತಿಸುವವರೇ ಮೊದಲು ಭಾಷೆ ಕಲಿಯಬೇಕೆಂಬುದು ಇದರ ಪಾಠ.

ಪ್ರಿಯ ಓದುಗರೇ, ನಮ್ಮ ಮನೆಯ ಮಕ್ಕಳೂ ಕೊಲ್ಲಿ ದೇಶಗಳಲ್ಲಿ ಪರಭಾಷೆಯ ನಡುವೆ ದುಡಿಯುತ್ತಿದ್ದಾರೆ. ಅವರಿಗಾಗಿ ಜಪಸರ ಹಿಡಿಯುವ ನಾವು, ನಮ್ಮ ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆ ಬಂದಿರುವ ಅಸ್ಸಾಂ, ಒಡಿಶಾ, ಬಿಹಾರದ ಕೂಲಿಯವರ ಹೆಸರನ್ನಾದರೂ ಕೇಳಿದ್ದೇವೆಯೇ? ಊಟವಾಯಿತೇ ಎಂಬ ಒಂದು ಮಾತನ್ನು ಅವರ ಭಾಷೆಯಲ್ಲಿ ಈ ವಾರ ಕಲಿಯೋಣ. ಪರದೇಶಿಯಾಗಿ ಬಂದು ಬಾಗಿಲು ತಟ್ಟುವ ಯೇಸುಸ್ವಾಮಿಗೆ ಅದು ಅರ್ಥವಾಗುತ್ತದೆ.