2, −1, 5: ಏಟ್ಕಿನ್ ಕಂಡ ಉತ್ತರ

ಪ್ರಾಜೆಕ್ಟ್‌ನಲ್ಲಿ ಎಫ್‌ಎಸ್‌ಐ ಮಾಡ್ತಿರೋರಿಗೆ ಈ ಕಷ್ಟ ಗೊತ್ತು. ದ್ರವದ ಸಾಲ್ವರ್ ಒತ್ತಡ ಕೊಡುತ್ತೆ, ಘನದ ಸಾಲ್ವರ್ ಅದನ್ನ ತಗೊಂಡು ಗೋಡೆ ಎಷ್ಟು ಸರಿಯಿತು ಅಂತ ಹೇಳುತ್ತೆ, ಮತ್ತೆ ಮೊದಲನೆಯದಕ್ಕೆ ವಾಪಸ್. ರೆಸಿಡ್ಯುಯಲ್ ಇಳಿಯೋ ಬದಲು ಅತ್ತಿತ್ತ ತೂಗಾಡಿ ಏರುತ್ತಾ ಹೋಗುತ್ತೆ. ರಕ್ತನಾಳದಂಥ ಹಗುರ ಗೋಡೆಯ ಒಳಗೆ ಅದರಷ್ಟೇ ಸಾಂದ್ರ ದ್ರವ ಇದ್ದರಂತೂ ಕೇಳಲೇಬೇಡಿ. ರಿಲ್ಯಾಕ್ಸೇಷನ್ 0.1 ಇಟ್ಟರೆ ರಾತ್ರಿಯೆಲ್ಲ ಓಡುತ್ತೆ. ಆಗ ಸೀನಿಯರ್ಸ್ ಮೆನುವಿನಲ್ಲಿ ಏಟ್ಕಿನ್ ಆರಿಸು ಅಂತಾರೆ. ಯಾರಪ್ಪ ಈ ಏಟ್ಕಿನ್?

ಅಲೆಕ್ಸಾಂಡರ್ ಕ್ರೇಗ್ ಏಟ್ಕಿನ್ ಹುಟ್ಟಿದ್ದು 1895ರಲ್ಲಿ, ನ್ಯೂಜಿಲೆಂಡ್‌ನ ಡನೀಡಿನ್‌ನಲ್ಲಿ. ಓದು ಅರ್ಧದಲ್ಲಿರುವಾಗಲೇ ಮೊದಲ ಮಹಾಯುದ್ಧ ಎಳೆದುಕೊಂಡಿತು. ಗಲ್ಲಿಪೊಲಿಗೆ ಪಿಟೀಲು ಸಮೇತ ಹೋದರು. ಆಮೇಲೆ ಫ್ರಾನ್ಸ್. ಅಲ್ಲಿ ಒಂದು ಕಾಳಗದ ನಂತರ ತುಕಡಿಯ ಹಾಜರಿ ಪುಸ್ತಕ ಕಳೆದುಹೋಗಿತ್ತು. ಯಾರು ಸತ್ತರು, ಯಾರು ಉಳಿದರು ಲೆಕ್ಕ ಹಾಕಬೇಕು. ಏಟ್ಕಿನ್ ಪ್ರತಿಯೊಬ್ಬರ ಪೂರ್ತಿ ಹೆಸರು, ನಂಬರನ್ನು ನೆನಪಿನಿಂದಲೇ ಒಪ್ಪಿಸಿದರು. 1916ರಲ್ಲಿ ಸೊಮ್‌ನಲ್ಲಿ ಗಾಯಗೊಂಡು ಮನೆಗೆ ಮರಳಿದರು.

1923ರಲ್ಲಿ ಎಡಿನ್‌ಬರ್ಗ್‌ಗೆ, ವಿಟಕರ್ ಹತ್ತಿರ ಸಂಶೋಧನೆಗೆ ಬಂದರು. ಪೈಯ 707 ಅಂಕಿ ಬಾಯಿಪಾಠ ಮಾಡಿದ್ದರು. 528ನೆಯದರಿಂದ ಆಚೆ ತಪ್ಪು ಅಂತ ತಿಳಿದಾಗ ಸರಿಯಾದದ್ದನ್ನ ಮತ್ತೆ ಕಲಿತು ಸಾವಿರ ಮುಟ್ಟಿಸಿದರು. ಪತ್ರಿಕೆಗಳು ಬರೆಯೋದು ಇದನ್ನೇ. ನಮಗೆ ಬೇಕಾದದ್ದು 1926ರ ಪ್ರಬಂಧ.

ಅದು ಬಹುಪದಿಗಳ ಮೂಲ ಹುಡುಕೋ ಬಗ್ಗೆ. ಸುತ್ತಿನಿಂದ ಸುತ್ತಿಗೆ ತಪ್ಪು ಒಂದೇ ಅನುಪಾತದಲ್ಲಿ ಬದಲಾಗ್ತಿದ್ದರೆ, ಸತತ ಮೂರು ಉತ್ತರ ಸಾಕು. ಮೊದಲ ವ್ಯತ್ಯಾಸದ ವರ್ಗವನ್ನು ವ್ಯತ್ಯಾಸಗಳ ವ್ಯತ್ಯಾಸದಿಂದ ಭಾಗಿಸಿ, ಮೊದಲ ಉತ್ತರದಿಂದ ಕಳೆಯಿರಿ. x = 3 − 2x ತಗೊಳ್ಳಿ. 2ರಿಂದ ಶುರು ಮಾಡಿದರೆ −1, 5, −7 ಅಂತ ಹುಚ್ಚೆದ್ದು ಹೋಗುತ್ತೆ. ಆದರೆ 2, −1, 5 ಹಾಕಿ ನೋಡಿ: ವ್ಯತ್ಯಾಸಗಳು −3 ಮತ್ತು 6, ಅವುಗಳ ವ್ಯತ್ಯಾಸ 9. 2ರಿಂದ 9/9 ಕಳೆದರೆ 1. ಸರಿ ಉತ್ತರ! ದಾರಿ ತಪ್ಪಿದ ಸರಣಿಯೊಳಗೇ ಉತ್ತರ ಕೂತಿತ್ತು. ಸಾವಿರಾರು ಅಜ್ಞಾತಗಳಿದ್ದರೆ ಒಂದೇ ಏಟಿಗೆ ಸಿಗಲ್ಲ, ನಿಜ.

1946ರಲ್ಲಿ ವಿಟಕರ್ ಅವರ ಪೀಠ ಇವರಿಗೇ ಬಂತು. ಆದರೆ ಎಲ್ಲವನ್ನೂ ಹಿಡಿದಿಡುವ ಆ ತಲೆ ಸೊಮ್ ಅನ್ನೂ ಬಿಡಲಿಲ್ಲ. ಖಿನ್ನತೆ ಮರುಕಳಿಸುತ್ತಲೇ ಇತ್ತು. ಯುದ್ಧದ ನೆನಪುಗಳ ಪುಸ್ತಕ ಅಚ್ಚಾಗಿದ್ದು 1963ರಲ್ಲಿ. 1967ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಐರನ್ಸ್ ಮತ್ತು ಟಕ್ ಅವರ ವಿಧಾನವನ್ನ ಕಂಪ್ಯೂಟರ್‌ಗೆ ಹೊಂದಿಸಿದರು: ಕೊನೆಯ ಎರಡು ರೆಸಿಡ್ಯುಯಲ್ ನೋಡಿ ಪ್ರತಿ ಸುತ್ತಿಗೂ ಹೊಸ ರಿಲ್ಯಾಕ್ಸೇಷನ್ ಅಂಶ. ನಿಮ್ಮ ಮೆನುವಿನಲ್ಲಿರೋದು ಅದೇ.