ಕೂಟಶಾಸನಗಳ ಪರೀಕ್ಷಕ ಡಾ. ಫ್ಲೀಟ್

ನಮ್ಮೂರು ಉಗರಗೋಳ, ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರು. ಭಾರತ ಹುಣ್ಣಿವೆಯ ಜಾತ್ರೆಯಲ್ಲಿ ನನ್ನ ಅವ್ವ ಭಂಡಾರ, ಕುಂಕುಮ, ಕಾಯಿ ಮಾರಲು ಕುಳ್ಳಿರುತ್ತಾಳೆ. ಒಂದು ವರ್ಷ ಯಾರೋ ಐದುನೂರು ರೂಪಾಯಿಯ ನೋಟು ಕೊಟ್ಟು, ಎಂಬತ್ತು ರೂಪಾಯಿಯ ಸಾಮಾನು ಕೊಂಡು, ಚಿಲ್ಲರೆ ಎಣಿಸಿಕೊಂಡು ಹೋದರು. ಸಂಜೆ ನೆರೆಯ ಅಂಗಡಿಯವರು ನೋಟನ್ನು ನೋಡಿ, ಇದು ಖೊಟ್ಟಿ ಇರಬಹುದು, ಗದ್ದಲದಲ್ಲಿ ಇನ್ನೊಬ್ಬರಿಗೆ ದಾಟಿಸಿಬಿಡು ಎಂದು ಬುದ್ಧಿ ಹೇಳಿದರು. ಅವ್ವ ಒಪ್ಪದೆ ಮರುದಿನ ಬ್ಯಾಂಕಿಗೆ ಒಯ್ದಳು. ಅಲ್ಲಿ ಅದರ ಮೇಲೆ ಮುದ್ರೆ ಒತ್ತಿ ಇಟ್ಟುಕೊಂಡರು. ಒಂದು ದಿನದ ದುಡಿಮೆಯೆಲ್ಲ ಹೋಯಿತು. ಅಕ್ಷರ ಬಾರದ ಅವಳು ಮನೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: ಕಾಗದ ಹಾಗೆಯೇ ಇದೆ, ಬಣ್ಣ ಹಾಗೆಯೇ ಇದೆ, ಚಿತ್ರವೂ ಹಾಗೆಯೇ ಇದೆ, ಹಾಗಾದರೆ ಖೊಟ್ಟಿಯೆಂಬುದು ಅದರಲ್ಲಿ ಎಲ್ಲಿದೆ? ಕಾಲೇಜು ಓದುವ ಮಗನಿಗೆ ಉತ್ತರ ಹೊಳೆಯಲಿಲ್ಲ. ಅದು ಸಿಕ್ಕಿದ್ದು ಇತಿಹಾಸದ ಪಾಠಗಳ ನಡುವೆ, ಡಾ. ಫ್ಲೀಟರ ಜೀವನವನ್ನು ಓದುವಾಗ.

ಜಾನ್ ಫೇತ್‌ಫುಲ್ ಫ್ಲೀಟರು ಹುಟ್ಟಿದ್ದು 1847ರಲ್ಲಿ. ತಂದೆ ಲಂಡನ್ನಿನಲ್ಲಿ ಸಕ್ಕರೆಯ ದಲಾಲಿ ವ್ಯಾಪಾರ ಮಾಡುತ್ತಿದ್ದರು. ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಮೇಲೆ ಫ್ಲೀಟರು ಲಂಡನ್ನಿನಲ್ಲಿಯೇ ಗೋಲ್ಡ್‌ಸ್ಟ್ಯೂಕರ್ ಎಂಬ ಪಂಡಿತರಲ್ಲಿ ಸಂಸ್ಕೃತವನ್ನು ಕಲಿತರು. 1867ರಲ್ಲಿ ಇಪ್ಪತ್ತು ವರ್ಷದ ತರುಣರಾಗಿ ಮುಂಬಯಿಗೆ ಬಂದಿಳಿದರು. ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳ ವಯಸ್ಸೇ ಅವರದು. 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾಧಿಕಾರಿಗಳಾದರು; 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಹೀಗೆ ಕನ್ನಡ ಜಿಲ್ಲೆಗಳಲ್ಲಿ ಊರೂರು ತಿರುಗುವ ಯೋಗ ಅವರಿಗೆ ಒದಗಿತು. ಉಳಿದ ಸಾಹೇಬರು ಬೇಟೆಗೆ ಹೋಗುವ ವೇಳೆಯಲ್ಲಿ ಇವರು ಹಾಳು ಗುಡಿಗಳಲ್ಲಿ ಕಲ್ಲುಗಳ ಮುಂದೆ ಕುಳಿತು ಹಳಗನ್ನಡದ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು. ಅವರ ಆರಂಭದ ಕೆಲಸಗಳಲ್ಲಿ ಒಂದು ನಮ್ಮ ಸವದತ್ತಿಯದೇ. ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿ, ಆಳಿದ ರಟ್ಟರ ಶಾಸನಗಳನ್ನು ಅವರು ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. 1883ರಲ್ಲಿ ಭಾರತ ಸರಕಾರವು ಶಾಸನತಜ್ಞನ ಹುದ್ದೆಯನ್ನು ನಿರ್ಮಿಸಿ ಅವರನ್ನೇ ಮೊದಲಿಗರಾಗಿ ನೇಮಿಸಿತು. ಗುಪ್ತರ ಶಾಸನಗಳ ಸಂಪುಟವು 1888ರಲ್ಲಿ ಬೆಳಕು ಕಂಡಿತು. ಅದರ ಕಾಲಗಣನೆಯಲ್ಲಿ ಶಂಕರ ಬಾಳಕೃಷ್ಣ ದೀಕ್ಷಿತರೆಂಬ ಜ್ಯೋತಿರ್ಗಣಿತಜ್ಞರು ಅವರಿಗೆ ನೆರವಾದರು.

ಶಾಸನಗಳನ್ನು ಓದುತ್ತ ಹೋದ ಹಾಗೆ ಫ್ಲೀಟರಿಗೆ ಒಂದು ಕಹಿಸತ್ಯ ಗೋಚರವಾಯಿತು. ತಾಮ್ರಪಟಗಳೆಲ್ಲವೂ ನಂಬತಕ್ಕವುಗಳಲ್ಲ. ಭೂಮಿಯ ಹಕ್ಕನ್ನು ಸ್ಥಾಪಿಸಲು, ಹೊಸ ಅರಸನಿಂದ ಕರ ಮಾಫಿ ಪಡೆಯಲು, ತಮ್ಮ ಮನೆತನವನ್ನು ಮೇಲೇರಿಸಲು ಹಿಂದಿನವರ ಹೆಸರಿನಲ್ಲಿ ಪಟಗಳನ್ನು ಕೆತ್ತಿಸಿದವರಿದ್ದರು. ಇದೇನೂ ಹೊಸ ಸಂಗತಿಯಲ್ಲ. ಕೂಟಶಾಸನ ಮಾಡಿದವನಿಗೆ ಮನುಸ್ಮೃತಿಯು ಮರಣದಂಡನೆಯನ್ನು ವಿಧಿಸಿದೆ. ಕ್ರಿ. ಶ. 631ರ ಸುಮಾರಿಗೆ ಹರ್ಷ ಚಕ್ರವರ್ತಿಯು, ಒಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಹಳ್ಳಿಯನ್ನು ಕಿತ್ತುಕೊಂಡು ಬೇರೆಯವರಿಗೆ ದಾನ ಮಾಡಿದನೆಂದು ಮಧುಬನದ ತಾಮ್ರಪಟವು ಸಾರುತ್ತದೆ.

ಫ್ಲೀಟರ ಪರೀಕ್ಷೆ ಹೇಗಿತ್ತೆಂಬುದಕ್ಕೆ ಗದಗಿನ ಬಳಿಯ ಕುರ್ತಕೋಟಿಯ ತಾಮ್ರಪಟವೇ ಸಾಕು. ಅದು ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನು ಕೊಟ್ಟದ್ದೆಂದು ಹೇಳಿಕೊಳ್ಳುತ್ತದೆ. ಅದರಲ್ಲಿಯ ಕಾಲ ಶಕ 530, ಎಂದರೆ ಕ್ರಿ. ಶ. 608. ಆದರೆ ಅವನ ತಂದೆಯಾದ ಇಮ್ಮಡಿ ಪುಲಕೇಶಿಯು ಶಕ 556ರಲ್ಲಿ ಆಳುತ್ತಿದ್ದನೆಂದು ಐಹೊಳೆಯ ಮೇಗುತಿಯ ಶಾಸನವೇ ಹೇಳುತ್ತದೆ. ತಂದೆಯು ಪಟ್ಟದಲ್ಲಿದ್ದುದಕ್ಕಿಂತ ಇಪ್ಪತ್ತಾರು ವರ್ಷ ಮೊದಲೇ ಮಗನು ಮಹಾರಾಜನಾಗಿ ದಾನ ಮಾಡುವುದೆಂತು? ಪಟದ ಅಕ್ಷರಗಳ ರೂಪವೂ ಆ ಕಾಲಕ್ಕಿಂತ ಈಚಿನದು. ತಾಮ್ರವು ತಾಮ್ರವೇ, ಅಕ್ಷರವು ಅಕ್ಷರವೇ. ಆದರೆ ಪಟವು ತಾನು ಯಾರದೆಂದು ಹೇಳುತ್ತದೆಯೋ ಅವರದಲ್ಲ. ಅಕ್ಷರಗಳ ವಯಸ್ಸು, ವಾರ ತಿಥಿ ಗ್ರಹಣಗಳ ಲೆಕ್ಕ, ವಂಶಾವಳಿ, ಭಾಷೆ ಇವೆಲ್ಲ ಅವರ ಒರೆಗಲ್ಲುಗಳಾಗಿದ್ದವು.

ಆದರೆ ತಪ್ಪು ಇರುವ ಬರಹವೆಲ್ಲ ಖೊಟ್ಟಿಯಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಸವದತ್ತಿಯ ಒಂದು ಶಿಲಾಶಾಸನದಲ್ಲಿ ರಟ್ಟರ ಪೃಥ್ವೀರಾಮನಿಗೆ ಶಕ 797, ಅಂದರೆ ಕ್ರಿ. ಶ. 875, ಎಂಬ ಕಾಲವನ್ನು ಕೊಟ್ಟಿದೆ. ಅವನ ಮೊಮ್ಮಗನಾದ ಶಾಂತಿವರ್ಮನ ಶಾಸನವಾದರೋ ಕ್ರಿ. ಶ. 980ರದು. ಅಜ್ಜನಿಂದ ಮೊಮ್ಮಗನಿಗೆ ನೂರೈದು ವರ್ಷ ಹೆಚ್ಚಾಯಿತೆಂದು ಕಂಡು ಫ್ಲೀಟರು ಆ ಕಾಲವನ್ನು ನಂಬಲಿಲ್ಲ. ಹಳೆಯ ದಾನಗಳನ್ನು ಮುಂದೆ ಎಂದೋ ಒಂದೇ ಕಲ್ಲಿನಲ್ಲಿ ಕೂಡಿಸಿ ಬರೆಯಿಸುವಾಗ ಅದು ಸೇರಿತೆಂದು ತರ್ಕಿಸಿದರು. ಅಲ್ಲಿ ಮೋಸವಿಲ್ಲ, ಮರೆವು ಇರಬಹುದು. ಮರೆತು ತಪ್ಪಿದವನೂ ಅರಿತು ವಂಚಿಸಿದವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ.

ಇಷ್ಟು ಎಚ್ಚರದ ಮನುಷ್ಯರೂ ಒಂದು ಕಡೆ ಹದ್ದು ಮೀರಿದರು. ಮಡಿಕೇರಿಯಲ್ಲಿ ದೊರೆತ ಗಂಗರ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ. ಅದನ್ನು ಶಕವರ್ಷವೆಂದು ಎಣಿಸಿದರೆ ಕ್ರಿ. ಶ. 466 ಆಗುತ್ತದೆ. ಆದರೆ ಅದರಲ್ಲಿ ಎಷ್ಟೋ ಕಾಲದ ಮೇಲೆ ಬಂದ ರಾಷ್ಟ್ರಕೂಟರ ಬಿರುದಾದ ಅಕಾಲವರ್ಷನ ಹೆಸರು ಬರುತ್ತದೆ. ಇಂಥ ಪಟಗಳನ್ನು ಕಂಡ ಫ್ಲೀಟರು ಗಂಗರ ಮೊದಲಿನ ವಂಶಾವಳಿಯನ್ನೇ ಕಟ್ಟುಕತೆಯೆಂದು ತಳ್ಳಿಹಾಕಿದರು. ಮೈಸೂರು ಸೀಮೆಯ ಬಿ. ಎಲ್. ರೈಸರು ಇದನ್ನು ಬಲವಾಗಿ ವಿರೋಧಿಸಿದರು. ವಾದವು ವರ್ಷಗಟ್ಟಲೆ ನಡೆಯಿತು. ಕೊನೆಗೆ ಪೆನುಗೊಂಡೆಯಲ್ಲಿ ಗಂಗರ ಇನ್ನೊಂದು ಪಟ ದೊರೆತಾಗ, 1915ರಲ್ಲಿ, ಮುಪ್ಪಿನ ಫ್ಲೀಟರು ಅದು ನಿಜವಾದದ್ದೆಂದು ಒಪ್ಪಿಕೊಂಡರು. ಪತ್ರ ಸುಳ್ಳಾದ ಮಾತ್ರಕ್ಕೆ ಮನೆತನವೇ ಸುಳ್ಳಾಗುವುದಿಲ್ಲ. ಜೀವಮಾನವೆಲ್ಲ ಹಿಡಿದ ಮತವನ್ನು ಅರವತ್ತೆಂಟರ ವಯಸ್ಸಿನಲ್ಲಿ ಸಡಿಲಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ನಮ್ಮ ಸೀಮೆಯವರಿಗೆ ಇಲ್ಲಿ ಇನ್ನೊಂದು ಸಂಗತಿ ನೆನಪಾಗದೆ ಇರದು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕದ ಪತ್ರದ ಸಹಿಯನ್ನು ನಂಬಲಿಲ್ಲ. ಪತ್ರ ಖೊಟ್ಟಿಯೆಂದಾದರೆ ಸಂಸ್ಥಾನವು ಯಾರ ಕೈಸೇರುವುದೋ ಅವರೇ ಅದನ್ನು ಖೊಟ್ಟಿಯೆಂದು ಹೇಳುವವರೂ ಆಗಿದ್ದರು. ಆ ಸಂಶಯದಿಂದ ಯುದ್ಧವಾಯಿತು, ಥ್ಯಾಕರೆ ಸತ್ತನು, ಕಿತ್ತೂರು ಬಿದ್ದಿತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ಫ್ಲೀಟರೂ ಅದೇ ಸರಕಾರದ ಅಧಿಕಾರಿಗಳೇ. ಆದರೆ ಅವರು ಶಾಸನಗಳ ಅಚ್ಚುಗಳನ್ನೂ ತಮ್ಮ ಕಾರಣಗಳನ್ನೂ ಎಲ್ಲರ ಮುಂದಿಟ್ಟರು. ಬೇಕಾದವರು ಅವನ್ನು ಪರೀಕ್ಷಿಸಿ ಎದುರುತ್ತರ ಕೊಡಬಹುದಾಗಿತ್ತು. ರೈಸರು ಕೊಟ್ಟರು. ಕಿತ್ತೂರಿಗೆ ಆ ಅವಕಾಶವಿರಲಿಲ್ಲ.

ಇನ್ನೂ ಆಶ್ಚರ್ಯವೆಂದರೆ, ಅದೇ ಕಿತ್ತೂರಿಗಾಗಿ ಕಾದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಜನರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದವರು ಈ ಫ್ಲೀಟರೇ. ಹಲಗಲಿಯ ಬೇಡರ ಲಾವಣಿಯನ್ನೂ ಬೈಲಹೊಂಗಲದ ಸಂಗ್ಯಾನ ಹಾಡನ್ನೂ ಅವರು ಹಾಗೆಯೇ ಉಳಿಸಿದರು. ತಾಮ್ರದ ಪಟವನ್ನೇ ನಂಬದವರು ಬಾಯಿಮಾತಿನ ಹಾಡಿಗೆ ಬೆಲೆ ಕೊಟ್ಟರೇಕೆ? ನನಗೆ ತೋರುವುದು ಇಷ್ಟು: ಲಾವಣಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅದು ತಾನು ಲಾವಣಿಯೆಂದೇ ಹೇಳಿಕೊಂಡು ಬರುತ್ತದೆ, ಅರಸನ ಮುದ್ರೆಯನ್ನು ಒತ್ತಿಕೊಂಡು ಬರುವುದಿಲ್ಲ.

ಫ್ಲೀಟರು 1897ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. ಅಲ್ಲಿಯೂ ಭಾರತದ ಶಾಸನಗಳ ಕೆಲಸವನ್ನು ಬಿಡಲಿಲ್ಲ. 1901ರಲ್ಲಿ ಕೂಟಶಾಸನಗಳನ್ನು ಕುರಿತು ವಿಸ್ತಾರವಾದ ಲೇಖನವನ್ನು ಪ್ರಕಟಿಸಿದರು. 1917ರಲ್ಲಿ ಎಪ್ಪತ್ತರ ಹೊತ್ತಿಗೆ ತೀರಿಕೊಂಡರು.

ಇದನ್ನೆಲ್ಲ ಓದಿಕೊಂಡು ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಉತ್ತರ ಹೇಳಿದೆ. ಖೊಟ್ಟಿಯು ಕಾಗದದಲ್ಲಿಲ್ಲ, ಬಣ್ಣದಲ್ಲಿಲ್ಲ. ತನ್ನದಲ್ಲದ ಹೆಸರನ್ನು ಹೇಳಿಕೊಂಡು ಬರುವುದರಲ್ಲಿದೆ. ಅವ್ವನಿಗೆ ಫ್ಲೀಟರ ಹೆಸರು ತಿಳಿಯದು. ಆದರೂ ಸಂಶಯ ಬಂದ ನೋಟನ್ನು ಇನ್ನೊಬ್ಬರ ಕೈಗೆ ದಾಟಿಸದೆ ಪರೀಕ್ಷೆಗೆ ಒಯ್ದವಳು ಅವಳು. ಕೈಗೆ ಬಂದ ಸುಳ್ಳು ಕಾಲವನ್ನು ಮುಂದಿನ ಪುಸ್ತಕಕ್ಕೆ ದಾಟಿಸದೆ ಇದ್ದ ಆ ಪಂಡಿತರ ಕೆಲಸವೂ ಇದೇ ತೆರನಾದದ್ದು. ನಷ್ಟವು ನಮಗಾದರೂ ಚಿಂತೆಯಿಲ್ಲ, ಸುಳ್ಳು ನಮ್ಮ ಕೈಯಲ್ಲಿಯೇ ನಿಲ್ಲಲಿ ಎಂಬ ಧೈರ್ಯವನ್ನು ವಿದ್ಯಾರ್ಥಿಗಳಾದ ನಾವು ಇವರಿಬ್ಬರಿಂದಲೂ ಕಲಿಯಬೇಕಾಗಿದೆ.