ಡಿಗ್ರಿ ಇಲ್ಲದ ಪ್ರೊಫೆಸರ್, ಗಲ್ಲಿಯ ನೆರಳು

ಪ್ಯಾಟ್ರಿಕ್ ಗೆಡ್ಡಿಸ್ ಅವರ ಬಳಿ ಒಂದೂ ಡಿಗ್ರಿ ಇರಲಿಲ್ಲ. 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವರು ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿ ವಾರದಲ್ಲೇ ಬಿಟ್ಟರು. ಲಂಡನ್ನಿನಲ್ಲಿ ಥಾಮಸ್ ಹಕ್ಸ್‌ಲಿ ಅವರ ಬಳಿ ಜೀವವಿಜ್ಞಾನ ಕಲಿತರು. ಅದರಲ್ಲೇ ಮುಂದುವರಿಯೋಣ ಎನ್ನುವಾಗ ಮೆಕ್ಸಿಕೊದಲ್ಲಿ ಕೆಲಕಾಲ ಕಣ್ಣೇ ಕಾಣದಂತಾಯಿತು. ದೃಷ್ಟಿ ಮರಳಿತು, ಆದರೆ ಸೂಕ್ಷ್ಮದರ್ಶಕದ ಕೆಲಸ ಕೈತಪ್ಪಿತು. ಸಂದರ್ಶನಗಳಲ್ಲಿ ಸೋತು ಕೂತವರು ಗಮನಿಸಿ, ನಾವಿಂದು ನೆನೆಯುವ ಗೆಡ್ಡಿಸ್ ಶುರುವಾಗುವುದೇ ಇಲ್ಲಿಂದ.

1886ರಲ್ಲಿ ಆನಾ ಮಾರ್ಟನ್ ಅವರನ್ನು ಮದುವೆಯಾದರು. ದಂಪತಿ ಹಳೇ ಎಡಿನ್‌ಬರೊದ ಜೇಮ್ಸ್ ಕೋರ್ಟ್ ಎಂಬ ಕೊಳಕು ವಠಾರಕ್ಕೇ ಬಂದು ನೆಲೆಸಿದರು. ಅಕ್ಕಪಕ್ಕದವರನ್ನು ಸೇರಿಸಿಕೊಂಡು ಗುಡಿಸಿದರು, ಗೋಡೆಗೆ ಬಣ್ಣ ಬಳಿದರು, ಗಿಡ ನೆಟ್ಟರು. ಮುಂದೆ ಹಳೇ ಊರಿನ ಖಾಲಿ ಜಾಗಗಳನ್ನೆಲ್ಲ ಲೆಕ್ಕಹಾಕಿಸಿ ಪುಟ್ಟ ತೋಟಗಳನ್ನು ಮಾಡಿಸಿದರು. ಮಗಳು ನೋರಾ ಅದರಲ್ಲಿ ಕೈಜೋಡಿಸಿದಳು.

1914ರಲ್ಲಿ ಭಾರತಕ್ಕೆ ಹೊರಟಾಗ ಅವರ ನಗರ ಪ್ರದರ್ಶನದ ಸಾಮಾನೆಲ್ಲ ಇದ್ದ ಹಡಗನ್ನು ಎಮ್ಡನ್ ಮುಳುಗಿಸಿತು. ಹೌದು, ಮದ್ರಾಸಿನ ಮೇಲೆ ಗುಂಡು ಹಾರಿಸಿದ ಅದೇ ಎಮ್ಡನ್! ಮತ್ತೆ ಎಲ್ಲವನ್ನೂ ಜೋಡಿಸಿ 1915ರಲ್ಲಿ ಮದ್ರಾಸಿನಲ್ಲೇ ಪ್ರದರ್ಶನ ನಡೆಸಿದರು.

ಆಗ ತಂಜಾವೂರು, ಮದುರೆಯಂಥ ಹಳೇ ಊರುಗಳಲ್ಲಿ ಎಂಜಿನಿಯರುಗಳಿಗೆ ಮನೆ ಕೆಡವಿ ಅಗಲದ ನೇರ ರಸ್ತೆ ಹಾಕುವ ಹುಮ್ಮಸ್ಸು. ಗೆಡ್ಡಿಸ್ ಕಾಲ್ನಡಿಗೆಯಲ್ಲಿ ಗಲ್ಲಿಗಲ್ಲಿ ಸುತ್ತಿ ಬೇರೆ ದಾರಿ ತೋರಿಸಿದರು. ಬಿದ್ದುಹೋಗಿರುವ ಒಂದೆರಡು ಮನೆಗಳನ್ನಷ್ಟೇ ತೆಗೆಯಿರಿ, ಅಲ್ಲಿ ಮರ ನೆಟ್ಟು ಪುಟ್ಟ ಬಯಲು ಮಾಡಿ ಎಂಬುದು ಅವರ ವಾದ. ಖರ್ಚೂ ಕಡಿಮೆ, ಬಡವರು ಒಕ್ಕಲೇಳುವುದೂ ತಪ್ಪುತ್ತಿತ್ತು. ಮನೆ ಕಳೆದುಕೊಂಡವರು ಇನ್ನೊಂದು ಕಿಕ್ಕಿರಿದ ಕೇರಿಗೇ ಹೋಗಿ ಸೇರುತ್ತಾರಲ್ಲವೇ? ಸೊಳ್ಳೆ ಕಾಟವೆಂದು ಕೆರೆ ಮುಚ್ಚುವುದನ್ನೂ ಅವರು ಒಪ್ಪಲಿಲ್ಲ. ಊರನ್ನು ತಂಪಾಗಿಡುವ ನೀರು ಅದು, ಮೀನು, ಬಾತುಕೋಳಿ ಬಿಟ್ಟರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದರು. ಮರವಿಲ್ಲದ ಬಡವರ ಕೇರಿಗಳೇ ಹೆಚ್ಚು ಕಾಯುತ್ತವೆಂದು ಇಂದು ಉಪಗ್ರಹ ಚಿತ್ರ ನೋಡಿ ಹೇಳುತ್ತೇವೆ. ಅವರ ಬಳಿ ಇದ್ದದ್ದು ಕಾಲು, ಕಣ್ಣು ಮಾತ್ರ. ಕಣ್ಣೂ ಒಮ್ಮೆ ಕೈಕೊಟ್ಟದ್ದು.

1917ರಲ್ಲಿ ಮಗ ಯುದ್ಧದಲ್ಲಿ ಸತ್ತ. ಅದೇ ವರ್ಷ ಆನಾ ಭಾರತದಲ್ಲೇ ತೀರಿಕೊಂಡರು. ಗೆಡ್ಡಿಸ್ ಕೆಲಸ ಬಿಡಲಿಲ್ಲ. ಮರುವರ್ಷ ಇಂದೋರಿನ ವರದಿ, 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್ ಹುದ್ದೆ, 1925ರಲ್ಲಿ ಟೆಲ್ ಅವಿವ್ ನಗರದ ಯೋಜನೆ. ಅವರ ಭಾರತದ ವರದಿಗಳಲ್ಲಿ ಬಹಳಷ್ಟು ಕಡತದಲ್ಲೇ ಉಳಿದವು, ಅದು ನಮ್ಮ ನಷ್ಟ. 1932ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಅವರು ತೀರಿಕೊಂಡರು. ಎಡಿನ್‌ಬರೊದ ವೆಸ್ಟ್ ಪೋರ್ಟಿನಲ್ಲಿ ಅವರ ಕಾಲದ ಪುಟ್ಟ ತೋಟವೊಂದು ಈಗಲೂ ಇದೆ.